ಕಿತ್ತಳೆ ಅಂಗಿಯ ಆಟಗಾರ್ತಿ

ಮೊನ್ನೆ ಯಾದಗಿರಿ ಬಜಾರಿನಲ್ಲಿ ಒಂದು ಅಂಗಡಿಯ ಮುಂದೆ ಕಿತ್ತಳೆ ಬಣ್ಣದ ಆಟದ ಅಂಗಿ ನೇತಾಡುತ್ತಿತ್ತು. ಕೊಳ್ಳುವ ಉದ್ದೇಶವಿರಲಿಲ್ಲ, ಆದರೂ ಹತ್ತಿರ ಹೋಗಿ ಮುಟ್ಟಿ ನೋಡಿದೆ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಶಾಲೆಯಲ್ಲಿ ನಮಗೆ ಹಾಕಿ ಕಲಿಸಿದ ಟೀಚರ್ ನೆನಪಾದರು…

ಒಂದು ವರ್ಷದ ಮಟ್ಟಿಗೆ ಬಂದಿದ್ದವರು ಅವರು. ಎಲ್ಲರ ಮನೆಯಲ್ಲಿ ದೇವರ ಪಟ ಇರುವ ಜಾಗದಲ್ಲಿ ಅವರ ಕ್ವಾರ್ಟರ್ಸಿನಲ್ಲಿ ಒಬ್ಬ ಡಚ್ ಹಾಕಿ ಆಟಗಾರ್ತಿಯ ಫೋಟೊ. ಕಿತ್ತಳೆ ಅಂಗಿ, ಬಿಗಿದು ಕಟ್ಟಿದ ಕೂದಲು, ಕೈಯಲ್ಲಿ ಸ್ಟಿಕ್. ಹುಡುಗಿಯಾಗಿದ್ದಾಗಲೇ ದೇಶದ ತಂಡ ಸೇರಿದಳು, ನಾಯಕಿಯಾದಳು, ಒಲಿಂಪಿಕ್ಸ್ ಚಿನ್ನ ಗೆದ್ದಳು, ಅಲ್ಲಿನ ಮಕ್ಕಳು ಬೆನ್ನ ಮೇಲೆ ಅವಳ ಹೆಸರು ಬರೆಸಿಕೊಂಡು ಓಡಾಡುತ್ತಾರೆ, ಆಟ ಬಿಟ್ಟ ದಿನ ಇಡೀ ಮೈದಾನ ಎದ್ದು ನಿಂತಿತ್ತು… ಟೀಚರ್ ಹೇಳುತ್ತಲೇ ಇರುತ್ತಿದ್ದರು. ನಾನು ಒಂದನ್ನೂ ನಂಬಲಿಲ್ಲ. ಹೆಣ್ಣುಮಕ್ಕಳ ಹಾಕಿ ನೋಡಲು ಅಷ್ಟು ಜನವೇ? ನಮ್ಮನ್ನು ಇನ್ನೊಂದು ಸುತ್ತು ಓಡಿಸಲು ಕಟ್ಟಿದ ಕಥೆ ಎಂದುಕೊಂಡೆ. ನನ್ನ ಸ್ವಭಾವವೇ ಅಂಥದ್ದು, ಅವ್ವನಿಂದ ಬಂದದ್ದು. ಅವ್ವ ಹಾಲಿನವನ ಎದುರಿಗೇ ಹಾಲಲ್ಲಿ ಬೆರಳದ್ದಿ ನೋಡುವವಳು.

ಆ ಸಲ ನಾನು ಜಿಲ್ಲಾ ತಂಡಕ್ಕೆ ಆಯ್ಕೆಯಾದೆ. ದಸರೆ ಮುಗಿದ ಮೇಲೆ ಪಂದ್ಯಕ್ಕೆ ಕಲಬುರಗಿಗೆ ಹೋಗಬೇಕಿತ್ತು. ಅವ್ವ ಅರೆಮನಸ್ಸಿನಿಂದ ಹೂಂ ಅಂದಿದ್ದಳು. ಅಷ್ಟರಲ್ಲಿ ಖಂಡೇಪೂಜೆ ಬಂತು. ನಮ್ಮ ಕಡೆ ಅವತ್ತು ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ದುಡಿಯುವ ವಸ್ತುಗಳಿಗೆಲ್ಲ ಹೂವು. ಟೀಚರ್ ನಮ್ಮ ಸ್ಟಿಕ್ಕುಗಳನ್ನು ಆ ಫೋಟೊದ ಕೆಳಗೆ ಜೋಡಿಸಿ ಪೂಜೆ ಮಾಡಿದರು, ಉಳಿದ ಚೆಂಡುಹೂವಿನ ಹಾರವನ್ನು ಫೋಟೊಗೇ ಹಾಕಿದರು. ಮನುಷ್ಯರ ಫೋಟೊಗೆ ಹಾರ ಬಿದ್ದರೆ ನಮ್ಮಲ್ಲಿ ಅರ್ಥ ಒಂದೇ. ಬಾಗಿಲ ಮುಂದೆ ಹಾದುಹೋದವರು ನೋಡಿದರು. ಸಂಜೆಯೊಳಗೆ ಇಡೀ ಕ್ಯಾಂಪಿಗೆ ಸುದ್ದಿ: ಆ ಹುಡುಗಿ ಆಡುತ್ತ ಆಡುತ್ತಲೇ ಸತ್ತಳಂತೆ, ಟೀಚರ್ ಮುಚ್ಚಿಟ್ಟಿದ್ದಾರಂತೆ.

"ಆಡಿ ಸತ್ತಾಕಿ ಮುಂದ ನಿಮ್ಮ ಕೋಲ್ ಇಟ್ಟು ಪೂಜಿ ಮಾಡ್ಯಾರ. ನೀ ಎಲ್ಲೂ ಹೋಗಂಗಿಲ್ಲ," ಅಂದಳು ಅವ್ವ.

ಮರುದಿನ ಟೀಚರ್ ನಮ್ಮ ಮನೆಗೇ ಬಂದರು. "ಅಕ್ಕಾರ, ಆಕಿ ಆರಾಮ ಅದಾಳ್ರಿ. ಇಲ್ಲಿ ನೋಡ್ರಿ," ಎಂದು ಮೊಬೈಲಿನಲ್ಲಿ ಆಕೆ ಚೆಂಡಿನ ಹಿಂದೆ ಓಡುವುದನ್ನು ತೋರಿಸಿದರು.

ಅವ್ವ ಕಣ್ಣು ಸಣ್ಣ ಮಾಡಿ ನೋಡಿದಳು. "ನಮ್ಮ ಅತ್ತಿ ಸತ್ತು ವರ್ಷಾತ್ರಿ ಟೀಚರ್ರ. ಮೈದುನನ ಲಗ್ನದ ವಿಡಿಯೋದಾಗ ಇನ್ನೂ ಕುಣಿಯಾಕತ್ತಾರ."

ಟೀಚರ್ ನಕ್ಕುಬಿಟ್ಟರು. ನಗು ನಿಂತ ಮೇಲೆ ನನ್ನ ಕಡೆ ನೋಡಿದರು… ನನ್ನ ಜಾಗದಲ್ಲಿ ಬೇರೆ ಹುಡುಗಿ ಹೋದಳು. ಬಚ್ಚಲಿನಲ್ಲಿ ಕೂತು ಅತ್ತುಬಿಟ್ಟೆ, ಅವ್ವನ ಮೇಲೂ ಸಿಟ್ಟು, ಟೀಚರ್ ಮೇಲೂ ಸಿಟ್ಟು. ಪರೀಕ್ಷೆ ಮುಗಿಯುವ ಹೊತ್ತಿಗೆ ಟೀಚರ್ ಊರು ಬಿಟ್ಟಿದ್ದರು.

ಮೊನ್ನೆ ಬಜಾರಿನಿಂದ ಬಂದವಳೇ ಫೋನಿನಲ್ಲಿ ಆ ಆಟಗಾರ್ತಿಯನ್ನು ಹುಡುಕಿದೆ. ಚಿನ್ನ, ಹೆಸರು ಬರೆಸಿಕೊಂಡ ಮಕ್ಕಳು, ಎದ್ದು ನಿಂತ ಮೈದಾನ, ಎಲ್ಲವೂ ನಿಜ. ಹೋದ ವಾರವಷ್ಟೇ ತೆಗೆದ ಫೋಟೊದಲ್ಲಿ ಯಾವುದೋ ಶಾಲೆಯ ಮಕ್ಕಳ ನಡುವೆ ನಗುತ್ತ ನಿಂತಿದ್ದಾಳೆ. ಅವ್ವನಿಗೆ ತೋರಿಸಿದೆ. ಅವ್ವ ತಾರೀಖು ಓದಿಸಿಕೊಂಡು ಖಾತ್ರಿ ಮಾಡಿಕೊಂಡಳು.

"ಹೌದ್ ಬಿಡು, ಅದಾಳ," ಅಂದಳು. ಫೋನು ನನ್ನ ಕೈಗೆ ಕೊಡುತ್ತ, "ನಿಮ್ಮ ಟೀಚರ್ರು?"

ಅವರ ಹೆಸರನ್ನೂ ಹುಡುಕಿದೆ. ಅದೇ ಹೆಸರಿನ ಯಾರ್ಯಾರೋ ಬಂದರು… ನಮ್ಮ ಟೀಚರ್ ಬರಲಿಲ್ಲ. ಅವರು ಇದ್ದಾರೆ ಎಂದು ಅವ್ವನಿಗೆ ತೋರಿಸಲು ನನ್ನ ಬಳಿ ಏನೂ ಇಲ್ಲ.