ಚಾಡಿ ಹೇಳುವ ತೂತು

ನನ್ನ ಭಾವನಷ್ಟು ಹೆದರುವ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ದೋಣಿ ಎಂಜಿನ್ನಿನ ಮೆಕ್ಯಾನಿಕ್ಕು, ಇಪ್ಪತ್ತೆರಡು ವರ್ಷದ ಸರ್ವೀಸು. ಆದರೆ ಹಗ್ಗ ಬಿಚ್ಚಿದ ದೋಣಿಯಲ್ಲಿ ಅರೆನಿಮಿಷ ನಿಂತವರಲ್ಲ. ಕೆಲಸ ಮುಗಿದ ಮೇಲೆ ದೋಣಿಯ ಮಾಲೀಕ "ಬನ್ನಿ, ಒಂದು ಸುತ್ತು ಹೋಗಿ ಬರೋಣ" ಎಂದರೆ ಸಾಕು, ಸ್ಪ್ಯಾನರು ಅಲ್ಲೇ ಬಿಟ್ಟು ಜೆಟ್ಟಿಯ ಮೇಲೆ ಹಾರುತ್ತಾರೆ. ನಮ್ಮ ದೋಣಿ ರಿಪೇರಿಯ ಯಾರ್ಡಿನಲ್ಲಿ ಎಲ್ಲರೂ ಅವರನ್ನು ಪುಕ್ಕಲ ಮೇಸ್ತ್ರಿ ಎನ್ನುತ್ತಾರೆ, ಅದೂ ಎದುರಿಗೇ. ಅವರಿಗೆ ಬೇಜಾರಿಲ್ಲ.

"ಎಂಜಿನ್ ಒಳಗೆ ಏನಿದೆ ಅಂತ ನಿಮಗ್ಯಾರಿಗೂ ಗೊತ್ತಿಲ್ಲ, ಅದಕ್ಕೇ ಧೈರ್ಯವಾಗಿ ಹೋಗ್ತೀರಿ. ನನಗೆ ಗೊತ್ತು" ಎನ್ನುತ್ತಾರೆ.

ಬೋಲ್ಟು ಬಿಗಿ ಮಾಡಿ, ಕೈ ತೊಳೆದು ಬಂದು, ಮತ್ತೆ ಮುಟ್ಟಿ ನೋಡುವ ಜಾತಿ. ಮನೆಗೆ ಬೀಗ ಹಾಕಿ ತಿರುವಿನವರೆಗೆ ಹೋಗಿ, ಬೀಗ ಎಳೆದು ನೋಡಲು ವಾಪಸ್ ಬರುತ್ತಾರೆ. ಅವರದೇ ಒಂದು ಪದ್ಧತಿಯಿದೆ. ಸಮುದ್ರದ ನೀರು ಎಂಜಿನ್ನಿಗೆ ಬರುವ ವಾಲ್ವನ್ನು ಮುಚ್ಚಿದರೆ, ಎಂಜಿನ್ನಿನ ಕೀಲಿಕೈಯನ್ನು ತೆಗೆದು ಆ ವಾಲ್ವಿನ ಹಿಡಿಗೇ ನೇತುಹಾಕುತ್ತಾರೆ. ಕೀಲಿ ಬೇಕಾದವನು ಅಲ್ಲಿಗೆ ಕೈ ಹಾಕಲೇಬೇಕು, ಹಾಕಿದವನು ವಾಲ್ವು ತೆರೆಯಲು ಮರೆಯಲಾರ. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಕ್ಕನಿಗೆ ಹೇಳುತ್ತಾರೆ. ಯಾವ ಪಂಪು ಎಷ್ಟು ಹನಿ ಸೋರಿತು, ಯಾವ ಪೈಪು ಮೆತ್ತಗಾಗಿದೆ, ಎಲ್ಲ. ಇಂಥ ಮಾತು ಕೇಳುತ್ತ ಹನ್ನೆರಡು ವರ್ಷ ಅನ್ನ ಉಂಡವಳು ನನ್ನ ಅಕ್ಕ.

ಅಕ್ಕ ಹಾಯಿ ಹೊಲಿಯುತ್ತಾಳೆ. ಮುಂದಿನ ಕೋಣೆಯಲ್ಲಿ ಅವಳ ಉದ್ದನೆಯ ಮೇಜು, ಮೇಜಿನ ಮೇಲೆ ದಪ್ಪ ಸೂಜಿಯ ಮೆಷಿನ್ನು. ಕೋಣೆಗಿಂತ ಹಾಯಿ ದೊಡ್ಡದು. ಅರ್ಧ ಒಳಗೆ, ಅರ್ಧ ಬಾಗಿಲಾಚೆ ಜಗಲಿಯ ಮೇಲೆ. ಮೂವತ್ತಕ್ಕೂ ಹೆಚ್ಚು ಹಾಯಿ ಹೊಲಿದಿದ್ದಾಳೆ. ಒಂದಾದರೂ ಗಾಳಿ ತುಂಬಿ ನಿಂತದ್ದನ್ನು ದೋಣಿಯಲ್ಲಿ ಕೂತು ನೋಡಿರಲಿಲ್ಲ. ಕಾರಣ ಬೇರೆ ಹೇಳಬೇಕಾಗಿಲ್ಲ.

ಇನ್ನು ನಾನು. ನನ್ನದು ದೋಣಿಯ ಹೊರಮೈ ಕೆಲಸ. ಕೊಳೆತ ಹಲಗೆ ಕೀಳುವುದು, ಬಿರುಕಿಗೆ ಪುಟ್ಟಿ ತುಂಬುವುದು, ಬಣ್ಣ ಬಳಿಯುವುದು. ನನ್ನ ಪಾಲಿಗೆ ತೂತೆಂದರೆ ಶತ್ರು. ಕಂಡ ಕೂಡಲೇ ಕೈ ತಾನಾಗಿ ಪುಟ್ಟಿ ಡಬ್ಬಕ್ಕೆ ಹೋಗುತ್ತದೆ. ಹದಿನಾಲ್ಕು ವರ್ಷ ಹಾಗೇ ಬದುಕಿದೆ, ಯಾರಿಗೂ ಕೇಡಾಗಿರಲಿಲ್ಲ.

ನಮ್ಮ ಯಾರ್ಡಿನಲ್ಲಿ ದೋಣಿ ಇಟ್ಟವರಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು. ಒಂಟಿ ಕಂಬದ ಹಾಯಿದೋಣಿ, ಒಳಗೆ ಪುಟ್ಟ ಡೀಸೆಲ್ ಎಂಜಿನ್ನು. ಅಕ್ಕ ಅದಕ್ಕೆ ಹೊಸ ಹಾಯಿ ಹೊಲಿದುಕೊಟ್ಟಿದ್ದಳು. "ಹೊಲಿದವರೇ ಬಂದು ನೋಡಬೇಕಮ್ಮ" ಎಂದು ಮೇಷ್ಟ್ರು ಕರೆದರು. ಭಾವನನ್ನು ಒಪ್ಪಿಸಲು ಅಕ್ಕನಿಗೆ ಮೂರು ದಿನ ಬೇಕಾಯಿತು. ಒಪ್ಪಿದ ಮರುದಿನವೇ ಎಂಜಿನ್ನಿನ ನೀರಿನ ಪಂಪು ಸೋರತೊಡಗಿತು. ಸಮುದ್ರದ ನೀರೆಳೆದು ಎಂಜಿನ್ನನ್ನು ತಂಪಾಗಿಡುವ ಪಂಪು ಅದು.

"ಹತ್ತು ಸೆಕೆಂಡಿಗೊಂದು ಹನಿ. ಆಗಲ್ಲ" ಎಂದರು ಭಾವ.

"ಹನಿ ತಾನೆ ಭಾವ? ಮುಖ ತೊಳೆಯೋಕೂ ಸಾಲಲ್ಲ" ಎಂದೆ.

"ಇವತ್ತು ಹನಿ" ಎಂದು ಅಲ್ಲಿಗೇ ಮಾತು ನಿಲ್ಲಿಸಿದರು.

ಅಕ್ಕ ವಾದ ಮಾಡಲಿಲ್ಲ. ತೊಟ್ಟುಕೊಳ್ಳಲು ತೆಗೆದಿಟ್ಟಿದ್ದ ಬಟ್ಟೆಯನ್ನು ಮಡಿಸಿ ಬೀರುವಿನೊಳಗಿಟ್ಟಳು. ಅವಳು ಕೂಗಾಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ಮಡಿಸಿಟ್ಟದ್ದು ನೋಡಿ ನನ್ನ ಹೊಟ್ಟೆ ಉರಿಯಿತು.

ಮಾರನೆಯ ಬೆಳಿಗ್ಗೆ ಭಾವ ಎಲ್ಲಿಗೆಂದು ಹೇಳದೆ ಬೇಗ ಹೊರಟುಹೋದರು. ನಾನು ಟಾರ್ಚು ಹಿಡಿದು ಮೇಷ್ಟ್ರ ದೋಣಿಯ ಹೊಟ್ಟೆಗಿಳಿದೆ. ಪಂಪಿನ ಅಡಿಯಲ್ಲಿ ಬೆಂಕಿಕಡ್ಡಿ ಹೋಗುವಷ್ಟು ಒಂದು ತೂತು. ಅದರಿಂದ ಹನಿ ಬೀಳುತ್ತಿತ್ತು. ಇಷ್ಟಕ್ಕೆ ಇಷ್ಟು ರಂಪವೇ ಎನ್ನಿಸಿತು. ನೀರಿನಲ್ಲೂ ಗಟ್ಟಿಯಾಗುವ ಪುಟ್ಟಿಯನ್ನು ಎರಡು ಚಿಟಿಕೆ ನಾದಿ ತೂತಿಗೆ ಒತ್ತಿದೆ. ಸೋರುವುದು ನಿಂತಿತು. ಒಬ್ಬನೇ ಕೂತು ನಕ್ಕೆ, ನಾಚಿಕೆಗೆಟ್ಟವನು.

"ಪಂಪ್ ಸರಿಹೋಯ್ತು. ಭಾವ ಹೂಂ ಅಂದ್ರು, ಹೊರಡು" ಎಂದೆ ಅಕ್ಕನಿಗೆ.

"ಅವರೇ ಅಂದ್ರಾ?"

"ಅವರೇ."

ಅಕ್ಕ ಎಷ್ಟು ಅವಸರದಲ್ಲಿ ಹೊರಟಳೆಂದರೆ ಫೋನು ದಾರದ ಉಂಡೆಗಳ ನಡುವೆಯೇ ಉಳಿಯಿತು. ಎಂಟೂವರೆಗೆ ದೋಣಿ ಜೆಟ್ಟಿ ಬಿಟ್ಟಿತು. ಅಕ್ಕ ಚಿಕ್ಕ ಹುಡುಗಿಯ ಹಾಗೆ ಎರಡೂ ಕೈ ಬೀಸಿದಳು.

ಒಂಬತ್ತೂವರೆಗೆ ಭಾವ ಬಂದರು. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಮುಖದ ತುಂಬ ನಗು. ಎರಡು ಬಸ್ಸು ಬದಲಾಯಿಸಿ ಹೋಗಿ ಹೊಸ ಪಂಪನ್ನೇ ತಂದಿದ್ದರು.

"ಅಕ್ಕನ್ನ ಕರಿ. ಒಂದು ಗಂಟೇಲಿ ಹಾಕಿಕೊಡ್ತೀನಿ. ಪಾಪ, ಹೋಗಿ ಬರ್ಲಿ."

"ಹೋಗಾಯ್ತು ಭಾವ. ನಿಮ್ಮ ಹೆದರಿಕೆಗೆ ನಾನೇ ಔಷಧಿ ಹಚ್ಚಿದೀನಿ" ಎಂದು ಬೀಗುತ್ತಾ ತೂತಿನ ಕಥೆ ಹೇಳಿದೆ.

ಭಾವ ಪೆಟ್ಟಿಗೆಯನ್ನು ನೆಲಕ್ಕಿಟ್ಟರು. ಅವರ ತುಟಿಯ ಬಣ್ಣ ಹೋಗಿತ್ತು.

"ಅದು ಸೋರೋಕೆ ಅಂತಲೇ ಇಟ್ಟಿರೋ ತೂತು ಕಣೋ" ಎಂದರು, ಬಹಳ ನಿಧಾನವಾಗಿ. "ಪಂಪಿನ ಒಂದು ಕಡೆ ಸಮುದ್ರದ ನೀರು, ಇನ್ನೊಂದು ಕಡೆ ಎಂಜಿನ್ ಎಣ್ಣೆ. ಎರಡಕ್ಕೂ ಒಂದೊಂದು ಸೀಲು, ನಡುವೆ ಆ ತೂತು. ನೀರಿನ ಸೀಲು ಹಾಳಾದ್ರೆ ನೀರು ಹೊರಗೆ ಬಿದ್ದು ಚಾಡಿ ಹೇಳುತ್ತೆ. ನೀನು ಅದರ ಬಾಯಿ ಮುಚ್ಚಿದೀಯ. ಈಗ ನೀರು ಎಲ್ಲಿಗೆ ಹೋಗುತ್ತೆ?"

"ಎಣ್ಣೆಗೆ" ಎಂದೆ.

"ಎಣ್ಣೆಗೆ ನೀರು ಸೇರಿದ್ರೆ ಎಂಜಿನ್ ಎಷ್ಟು ಹೊತ್ತು?"

ಇಬ್ಬರೂ ಯಾರ್ಡಿನ ಬಾವುಟದ ಕಡೆ ನೋಡಿದೆವು. ಅದು ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿತ್ತು. ಗಾಳಿಯಿಲ್ಲ. ಅಂದರೆ ದೋಣಿ ಪೂರ್ತಿ ಎಂಜಿನ್ನಿನ ಮೇಲೇ ಹೋಗುತ್ತಿದೆ. ಅಲೆತಡೆಯ ಗೋಡೆಯಾಚೆ ಎರಡು ಬಂಡೆಗಳ ನಡುವೆ ಇಕ್ಕಟ್ಟು ದಾರಿ. ನೀರಿಳಿಯುವ ಹೊತ್ತಿನಲ್ಲಿ ಅಲ್ಲಿನ ಸೆಳೆತ ಸಿಕ್ಕಿದ್ದನ್ನೆಲ್ಲ ಬಂಡೆಗೆ ಎಳೆದು ಹಾಕುತ್ತದೆ. ಎಂಜಿನ್ನು ಅಲ್ಲಿ ನಿಂತುಬಿಟ್ಟರೆ ಹಾಯಿ ಎಷ್ಟು ಹೊಸದಾದರೇನು? ಅಕ್ಕನಿಗೆ ಈಜು ಬಾರದು.

ಮೇಷ್ಟ್ರಿಗೆ ಫೋನು ಮಾಡಿದೆ. ಗೋಡೆ ದಾಟಿದರೆ ಸಿಗ್ನಲ್ ಇಲ್ಲ. ಯಾರ್ಡಿನ ಗುಮಾಸ್ತರು ಬಂದರಿನ ಕಚೇರಿಗೆ ತಿಳಿಸಿದರು; ಅವರ ದೋಣಿ ಬರಲು ಮುಕ್ಕಾಲು ಗಂಟೆ ಬೇಕಂತೆ. ನಾನು ಯಾರ್ಡಿನ ಪುಟ್ಟ ಲಾಂಚಿಗೆ ಹಾರಿ ಹಗ್ಗ ಬಿಚ್ಚತೊಡಗಿದೆ.

"ನೀವು ಇಲ್ಲೇ ಇರಿ ಭಾವ, ನಾನು ಹೋಗ್ತೀನಿ."

"ಹೋಗಿ ಏನು ಮಾಡ್ತೀಯ? ಪುಟ್ಟಿ ಹಚ್ತೀಯಾ?"

ನಿಜ. ಲಾಂಚಿನ ಮೋಟರಿಗೆ ಆ ಸೆಳೆತದಲ್ಲಿ ಇನ್ನೊಂದು ದೋಣಿಯನ್ನು ಎಳೆಯುವ ತಾಕತ್ತಿಲ್ಲ, ಎಲ್ಲರನ್ನೂ ಹೇರಿಕೊಂಡು ಬರುವ ತಾಕತ್ತೂ ಇಲ್ಲ. ಭಾವ ಪೆಟ್ಟಿಗೆ, ಎಣ್ಣೆ ಕ್ಯಾನು, ಸ್ಪ್ಯಾನರಿನ ಚೀಲ ಕೊಟ್ಟರು. ಆಮೇಲೆ ಜೆಟ್ಟಿಯ ಅಂಚಿನಲ್ಲಿ ಒಂದು ಕಾಲೆತ್ತಿ, ಮತ್ತೆ ಇಳಿಸಿ, ಮತ್ತೆ ಎತ್ತಿ, ಕಣ್ಣು ಮುಚ್ಚಿಕೊಂಡು ಲಾಂಚಿನೊಳಗೆ ಬಿದ್ದರು. ಹಲಗೆಯ ಮೇಲೆ ಕೂರಲಿಲ್ಲ. ತಳದಲ್ಲಿ ಚಕ್ಕಳಮಕ್ಕಳ ಹಾಕಿ ಪಂಪಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಅವಚಿಕೊಂಡು ಕೂತರು. ಅಂಜಿದವನ ಮೇಲೆ ಕಪ್ಪೆ ಎಸೆದಂತೆ ಮೊದಲ ಅಲೆಯೇ ಅವರ ಮುಖಕ್ಕೆ ರಾಚಿತು.

ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು. ದೇವರ ಹೆಸರು ಇರಬೇಕೆಂದುಕೊಂಡೆ. ಬಗ್ಗಿ ಕೇಳಿದರೆ, "ವಾಲ್ವ್ ಮುಚ್ಚು, ಕೀಲಿ ನೇತುಹಾಕು, ಪೈಪ್ ಎರಡು, ಬೋಲ್ಟ್ ನಾಲ್ಕು, ಹಳೇ ಗ್ಯಾಸ್ಕೆಟ್ ಕೆರೆದು ತೆಗಿ..." ನಾನಾದರೋ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ. ಅಕ್ಕನನ್ನು ನನ್ನ ಕೈಯಾರೆ ಕೊಂದೆ ಎಂಬ ಮಾತು ತಲೆಯೊಳಗೆ ಬಿಟ್ಟೂಬಿಡದೆ ಬಡಿಯುತ್ತಿತ್ತು. ಅಂಥ ಭಯ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಗೋಡೆ ದಾಟಿದಾಗ ಕಂಬ ಕಾಣಿಸಿತು. ಹೊಸ ಹಾಯಿ ಒಗೆದು ಹಾಕಿದ ದುಪ್ಪಟಿಯ ಹಾಗೆ ನೇತಾಡುತ್ತಿತ್ತು. ಎಂಜಿನ್ನಿನ ಸದ್ದಿಲ್ಲ. ಲಾಂಚಿನ ಮೋಟರನ್ನು ಒಂದು ಕ್ಷಣ ಆರಿಸಿ ಕಿವಿಗೊಟ್ಟೆ. ಇಲ್ಲವೇ ಇಲ್ಲ. ದೋಣಿಯ ಹಿಂಭಾಗಕ್ಕೂ ಬಂಡೆಗೂ ನಡುವೆ ಹೆಚ್ಚೆಂದರೆ ನೂರು ಮಾರು.

"ಮುಗೀತು" ಎಂದೆ.

"ಹಗ್ಗ ನೋಡು" ಎಂದರು ಭಾವ. ದೋಣಿಯ ಮೂತಿಯಿಂದ ನೀರಿಗಿಳಿದ ಹಗ್ಗ ಬಿಗಿಯಾಗಿತ್ತು. ಲಂಗರು ಹಾಕಿದ್ದಾರೆ.

ಅಕ್ಕ ಅಂಚಿಗೆ ಬಂದು ಕೂಗಿದಳು: "ಎಂಜಿನ್ ನಾನೇ ನಿಲ್ಲಿಸಿದೆ! ಲಂಗರು ಜಾರ್ತಾ ಇದೆ ರೀ!"

ಎರಡು ದೋಣಿಗಳ ನಡುವಿನ ಸಂದು ಬಾಯಿ ತೆರೆಯುತ್ತ ಮುಚ್ಚುತ್ತ ಇತ್ತು. "ಮೊದಲು ಪಂಪ್ ಹಿಡಿ" ಎಂದು ಭಾವ ಪೆಟ್ಟಿಗೆ ದಾಟಿಸಿದರು. ಆಮೇಲೆ ಅಕ್ಕ ಅವರ ರಟ್ಟೆ ಹಿಡಿದು ಎಳೆದಳು, ನಾನು ಕೆಳಗಿಂದ ನೂಕಿದೆ. ಹೊಟ್ಟೆಯ ಮೇಲೆ ಬಿದ್ದವರು ಹಾಗೇ ತೆವಳಿಕೊಂಡು ಎಂಜಿನ್ನಿನ ಕಡೆ ಇಳಿದರು. ಲಾಂಚು ಕಟ್ಟಿ ನಾನೂ ಇಳಿದೆ.

ವಾಲ್ವು ಮುಚ್ಚಿತ್ತು. ಕೀಲಿಕೈ ಅದರ ಹಿಡಿಗೆ ನೇತಾಡುತ್ತಿತ್ತು. ಭಾವ ಅದನ್ನು ಒಮ್ಮೆ ಮುಟ್ಟಿ, ಅಕ್ಕನ ಮುಖ ನೋಡಿ, ಕೆಲಸಕ್ಕೆ ಕೈ ಹಾಕಿದರು.

ಎಣ್ಣೆ ಅಳೆಯುವ ಕಡ್ಡಿ ಎಳೆದರೆ ಹಾಲು ಬೆರೆಸಿದ ಚಹಾದ ಬಣ್ಣ. ಕೈಪಂಪಿನಿಂದ ಆ ಎಣ್ಣೆಯನ್ನೆಲ್ಲ ಹೀರಿ ತೆಗೆಯುವ ಕೆಲಸ ನನಗೆ ಕೊಟ್ಟರು. ಅವರು ಹಳೆಯ ಪಂಪು ಬಿಚ್ಚಿದರು, ನನ್ನ ಪುಟ್ಟಿಯ ಸಮೇತ. ಅದು ಈಗಲೂ ನನ್ನ ಬೆಂಚಿನ ಮೇಲಿನ ಮೊಳೆಯಲ್ಲಿದೆ. ಭಾವ ನೇತುಹಾಕಿದ್ದಲ್ಲ, ನಾನೇ. ಹೊಸದನ್ನು ಕೂರಿಸುವಾಗ ಭಾವನ ಕೈಯಿಂದ ಬೋಲ್ಟು ಎರಡು ಸಲ ಜಾರಿತು. ಎರಡೂ ಸಲ ಅದು ಕೆಳಗೆ ಹಾಸಿದ್ದ ಬಟ್ಟೆಯ ಮೇಲೇ ಬಿತ್ತು. ಬೋಲ್ಟು ಜಾರೀತೆಂದು ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹಾಸುತ್ತ ಬಂದವರು ಅವರು. ನಾವು ಅದಕ್ಕೂ ನಗುತ್ತಿದ್ದೆವು.

"ಬೇಗ ಮೇಸ್ತ್ರಿ!" ಎಂದು ಮೇಷ್ಟ್ರು ಮೇಲಿಂದ ಕೂಗಿದರು. ತಲೆ ಹೊರಹಾಕಿ ನೋಡಿದೆ. ಬಂಡೆಯ ಮೇಲಿನ ಪಾಚಿ ಕಾಣುತ್ತಿತ್ತು. ಮತ್ತೆ ನೋಡಿದಾಗ ಪಾಚಿಗೆ ಅಂಟಿದ ಚಿಪ್ಪುಗಳೂ ಕಂಡವು.

ಪಂಪು ಕೂತಿತು, ಪೈಪುಗಳು ಕೂತವು, ಹೊಸ ಎಣ್ಣೆ ಬಿತ್ತು. "ಸ್ಟಾರ್ಟ್ ಮಾಡಿ ಭಾವ!" ಎಂದೆ.

"ಇರು" ಎಂದು ಭಾವ ಕೈ ಒರೆಸಿಕೊಂಡು ನಾಲ್ಕೂ ಬೋಲ್ಟುಗಳನ್ನು ಮತ್ತೆ ಒಂದೊಂದಾಗಿ ಮುಟ್ಟಿ ನೋಡಿದರು. ನನಗೆ ಅವರನ್ನು ಬಡಿಯಬೇಕೆನ್ನಿಸಿತು. ಮೂರನೆಯದು ಅರ್ಧ ಸುತ್ತು ತಿರುಗಿತು.

ಆಮೇಲೆ ವಾಲ್ವು ತೆರೆದು, ಕೀಲಿ ತೆಗೆದು ಅಕ್ಕನ ಕೈಗೆ ಕೊಟ್ಟರು. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಹಿಂದಿನ ಕೊಳವೆ ಗಳಕ್ಕೆಂದು ನೀರುಗುಳಿತು. ಮೇಷ್ಟ್ರೂ ನಾನೂ ಲಂಗರು ಎಳೆದೆವು. ಬಂಡೆ ನಿಧಾನವಾಗಿ ಹಿಂದಕ್ಕೆ ಸರಿಯಿತು.

ವಾಪಸ್ ಬರುವಾಗ ಭಾವ ಮೇಲೆ ಬರಲಿಲ್ಲ. ಹೊಸ ಪಂಪಿನ ತೂತಿನಡಿ ಅಂಗೈ ಹಿಡಿದು ಕೂತಿದ್ದರು. ಅಂಗೈ ಒದ್ದೆಯಾಯಿತೆಂದು ನಾಲಿಗೆಗೆ ತಾಗಿಸಿ ನೋಡಿದರು. ಬೆವರೋ, ಸಮುದ್ರವೋ, ಎರಡೂ ಉಪ್ಪೇ. ಒರೆಸಿಕೊಂಡು ಮತ್ತೆ ಹಿಡಿದರು.

ಮೇಲೆ ಅಕ್ಕ ನನ್ನ ಪಕ್ಕ ಕೂತಳು. ನನ್ನ ಮುಖ ನೋಡಲಿಲ್ಲ.

"ಗೋಡೆ ದಾಟೋವರೆಗೂ ನಿನ್ನ ಮಾತು ನಂಬಿದ್ದೆ. ಆಮೇಲೆ ಅನ್ನಿಸ್ತು, ಅಂಗಡಿಯಿಂದ ದಾರ ತರ್ತೀನಿ ಅಂದ್ರೂ ನಾಲ್ಕು ಸಲ ಹುಷಾರು ಅನ್ನೋ ಮನುಷ್ಯ, ಸಮುದ್ರಕ್ಕೆ ಕಳಿಸುವಾಗ ಒಂದು ಸಲಾನೂ ಅನ್ನಲಿಲ್ಲವಲ್ಲ? ಎದೆ ಧಸಕ್ ಅಂತು. ಇಳಿದು ಹೋಗಿ ಪಂಪಿನಡಿ ಕೈ ಇಟ್ಟೆ. ಒಣಗಿತ್ತು. ಅವರೇ ಪಂಪ್ ನೆಟ್ಟಗೆ ಮಾಡಿದ್ದಿದ್ರೆ ರಾತ್ರಿ ಊಟಕ್ಕೆ ಕೂತಾಗ ಹೇಳ್ತಿದ್ರು, ಹೇಳಿರಲಿಲ್ಲ. ಕೂಡಲೇ ಎಂಜಿನ್ ನಿಲ್ಲಿಸಿ ಲಂಗರು ಹಾಕಿಸಿದೆ."

"ತಪ್ಪಾಯ್ತು ಅಕ್ಕ" ಎಂದೆ.

"ಮಾತಾಡಬೇಡ" ಎಂದಳು. ಮುಂದೆ ಹನ್ನೊಂದು ದಿನ ಆ ಮಾತಿಗೇ ನಿಂತಳು.

ಗೋಡೆಯ ಹತ್ತಿರ ಬಂದಾಗ ಗಾಳಿ ಎದ್ದಿತು. ಹಾಯಿ ಒಮ್ಮೆ ಪಟಪಟನೆ ಬಡಿದುಕೊಂಡು ತುಂಬಿ ನಿಂತಿತು. ಒಂದು ಹೊಲಿಗೆಯೂ ಸುಕ್ಕಾಗಿರಲಿಲ್ಲ. ಅಕ್ಕ ಎದ್ದು ನಿಂತು ಕೂಗಿದಳು: "ರೀ, ಬಂದು ನೋಡ್ರೀ!"

ಭಾವ ಮೆಟ್ಟಿಲಲ್ಲಿ ತಲೆ ತೂರಿಸಿದರು. ಎರಡು ಕೈಯಿಂದಲೂ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು. ಹಾಯಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಚೆನ್ನಾಗಿದೆ" ಎಂದರು. ಆಮೇಲೆ ಅಕ್ಕನ ಕಾಲು ಎಲ್ಲಿದೆಯೆಂದು ನೋಡಿ, "ಅಂಚಿಗೆ ಹೋಗಬೇಡ. ಹುಷಾರು" ಎಂದರು.

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ಅಕ್ಕ ಆಗ ಅತ್ತುಬಿಟ್ಟಳು.