ಬಾಣಂತಿಯ ಧೂಪಕ್ಕೆ ಬಂದ ಕೆಂಪು ಗಾಡಿ

ಗದಗಿನ ನಮ್ಮ ಮನೆಯಲ್ಲಿ ಹೊಗೆ ಜಾಸ್ತಿಯಾದರೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಏನ್ ಹುರಿಯಾಕತ್ತೀರಿ?" ಎಂದು ಕೇಳುತ್ತಿದ್ದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಗೆ ಜಾಸ್ತಿಯಾದಾಗ ಅಗ್ನಿಶಾಮಕ ದಳದ ಕೆಂಪು ಗಾಡಿ ಬಂತು. ಐದು ಜನ, ತಲೆಗೆ ಹೆಲ್ಮೆಟ್, ಒಬ್ಬನ ಕೈಯಲ್ಲಿ ಕೊಡಲಿ. ನಾನು ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಇಪ್ಪತ್ತು ದಿನದ ಮೊಮ್ಮಗಳನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು.

ಇದನ್ನು ಮೊದಲಿನಿಂದ ಹೇಳದಿದ್ದರೆ ಊರಿನಲ್ಲಿ ನೀವು ಬೇರೇನೋ ತಿಳಿದುಕೊಳ್ಳುತ್ತೀರಿ. ಈಗಾಗಲೇ ಗದಗಿನಲ್ಲಿ, ಬೆಂಗಳೂರಿನ ನಮ್ಮ ಮನೆ ಸುಟ್ಟು ಬೂದಿಯಾಯಿತೆಂಬ ಸುದ್ದಿ ಹಬ್ಬಿದೆಯಂತೆ.

ನಾನು ಕರಡು ತಿದ್ದುವವಳು. ಗದಗಿನ ಅಚ್ಚುಕೂಟವೊಂದರಲ್ಲಿ ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದೆ. ಗಂಡ ತೀರಿಹೋಗಿದ್ದರು, ಮಗಳು ಗಿರಿಜಾಳನ್ನು ನರಗುಂದಕ್ಕೆ ಕೊಟ್ಟಾಗಿತ್ತು. ಅಷ್ಟರಲ್ಲಿ ಅಚ್ಚುಕೂಟವೂ ಮುಚ್ಚಿತು. ಅವೆನ್ಯೂ ರಸ್ತೆಯ ಪುಸ್ತಕದವರೊಬ್ಬರು ಕರೆದಾಗ, ಮನೆಗೆ ಬೀಗ ಜಡಿದು ಬಂದುಬಿಟ್ಟೆ. ನಲವತ್ತೊಂಬತ್ತು ವರ್ಷಕ್ಕೆ ಯಾರಾದರೂ ಹೊಸ ಊರು ಕಲಿಯುತ್ತಾರೆಯೇ ಎಂದು ನೀವೆಲ್ಲ ಕೇಳಿದಿರಿ. ಕಲಿಯುತ್ತಾರೆ. ಸ್ವಲ್ಪ ತಡವಾಗಿ ಕಲಿಯುತ್ತಾರೆ, ಅಷ್ಟೇ.

ಇಲ್ಲಿ ಮನೆಗೆ ಮನೆ ಎನ್ನುವುದಿಲ್ಲ, ಪೋರ್ಷನ್ ಎನ್ನುತ್ತಾರೆ. ಹಳೆಯ ದೊಡ್ಡ ಮನೆಯನ್ನು ಹೋಳಿಗೆ ಹರಿದಂತೆ ತುಂಡು ಮಾಡಿ ಬಾಡಿಗೆಗೆ ಕೊಟ್ಟಾಗ ನಮ್ಮ ಪಾಲಿಗೆ ಬರುವ ತುಂಡೇ ಪೋರ್ಷನ್. ನನ್ನದು ಮೊದಲ ಮಹಡಿಯ ಎರಡು ಕೋಣೆ. ಕೆಳಗೆ ಮುಂಭಾಗದಲ್ಲಿ ಕಾಗದದ ಗೋದಾಮು, ಹಿಂಭಾಗದಲ್ಲಿ ಮನೆಯೊಡತಿ ಜಯಮ್ಮ. ಮಾಗಡಿ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆದ ಮನೆತನದವರು. ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ಹಿತ್ತಿಲಲ್ಲಿ ಅವರೆ ಬಳ್ಳಿ ಹಬ್ಬಿಸಿದ್ದಾರೆ. ಮನೆ ತೋರಿಸುವಾಗ ಅವರು ನಲ್ಲಿ ತೋರಿಸಲಿಲ್ಲ, ದೇವರ ಗೂಡು ತೋರಿಸಲಿಲ್ಲ. ನೇರ ಒಳಗೆ ಕರೆದುಕೊಂಡು ಹೋಗಿ, ಮೇಲೆ ಚಾವಣಿಗೆ ಅಂಟಿಸಿದ್ದ ತಟ್ಟೆಯಷ್ಟು ಅಗಲದ ಬಿಳಿ ಡಬ್ಬಿಗೆ ಬೆರಳು ತೋರಿಸಿದರು.

"ಇದು ಹೊಗೆ ಅಲಾರಂ. ಹೊಗೆ ಬಂದ್ರೆ ಕಿರುಚ್ಕೊಳ್ಳುತ್ತೆ. ಬಾಗ್ಲ ಹತ್ರ ಗುಂಡಿ ಇದೆಯಲ್ಲ, ಒಂದ್ ನಿಮಿಷದೊಳಗೆ ಒತ್ತಿದ್ರೆ ಸುಮ್ನಾಗುತ್ತೆ. ಒತ್ತಿಲ್ವೋ, ತಾನೇ ಫೈರ್ ಇಂಜಿನ್‌ಗೆ ಫೋನ್ ಮಾಡ್ಬಿಡುತ್ತೆ. ಯಾರ್ನೂ ಕೇಳಲ್ಲ."

"ಸುಳ್ಳೇ ಹೊಡಕೊಂಡ್ರ?" ಎಂದೆ.

"ಎರಡು ಸಲ ಸುಳ್ ಫೋನ್ ಹೋಯ್ತೋ, ಮನೆ ಖಾಲಿ ಮಾಡ್ಬೇಕು ಅಷ್ಟೇ. ಮೊದ್ಲೇ ಹೇಳ್ಬಿಟ್ಟಿದೀನಿ, ಆಮೇಲೆ ಬೇಜಾರ್ ಮಾಡ್ಕೋಬಾರ್ದು."

ಅವರ ಕಟ್ಟುನಿಟ್ಟಿಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಅವರು ದೇವಸ್ಥಾನಕ್ಕೆ ಹೋಗಿದ್ದಾಗ ಕೆಳಗಿನ ಗೋದಾಮಿಗೆ ಬೆಂಕಿ ಬಿದ್ದಿತ್ತು. ಹೊಗೆಯನ್ನು ಇಡೀ ಬೀದಿಯೇ ನೋಡಿತ್ತು. ಯಾರೋ ಕಸ ಸುಡುತ್ತಿದ್ದಾರೆಂದುಕೊಂಡು ಒಬ್ಬರೂ ಫೋನ್ ಮಾಡಲಿಲ್ಲವಂತೆ. "ಅದಕ್ಕೇ ಮನುಷ್ಯರನ್ನ ನಂಬ್ದೆ ಈ ಡಬ್ಬಿನ ನಂಬ್ಕೊಂಡಿದೀನಿ" ಎಂದರು. ನಮ್ಮ ಕಡೆ ಪಕ್ಕದ ಮನೆಯ ಸಾಸಿವೆ ಸಿಡಿದರೂ ಮೂರು ಜನ ವಿಚಾರಿಸುತ್ತಾರೆ. ಆ ಕಾಟದಿಂದ ಎಷ್ಟೋ ಸಲ ನಾನು ಬೇಸತ್ತಿದ್ದೆ. ಅದರ ಬೆಲೆ ಆವತ್ತು ಗೊತ್ತಾಯಿತು.

ಮೊದಲ ಆರು ತಿಂಗಳು ಕಷ್ಟವೇ ಆಯಿತು. ಇಲ್ಲಿಯ ಸಾರಿಗೆ ಬೆಲ್ಲ ಹಾಕುತ್ತಾರೆ, ಅದನ್ನು ಒಂದು ದೊಡ್ಡ ವಿಷಯವೆಂದೂ ಯಾರೂ ಭಾವಿಸುವುದಿಲ್ಲ. ಜೋಳದ ಹಿಟ್ಟು ಹುಡುಕಿಕೊಂಡು ಮಾಮೂಲ್‌ಪೇಟೆಗೆ ಹೋದರೆ, ಅಂಗಡಿಯವರು ನನ್ನ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಟ್ಟರು. ಜೀವಮಾನವೆಲ್ಲ ಕನ್ನಡ ತಿದ್ದಿದವಳಿಗೆ ಇಂಥ ಮರ್ಯಾದೆ! ಸಿಟ್ಟಿನಲ್ಲಿ ಅರ್ಧ ದಾರಿ ಬಂದವಳು ಹಿಟ್ಟು ಬೇಕಲ್ಲ ಎಂದು ತಿರುಗಿ ಹೋದೆ. ಈಗ ಅದೇ ಅಂಗಡಿಯವರು ದೂರದಿಂದಲೇ, "ಬನ್ನಿ ರೊಟ್ಟಿ ಅಮ್ಮ, ಹೊಸ ಹಿಟ್ಟು ಬಂದಿದೆ" ಎನ್ನುತ್ತಾರೆ. ಮೊದಲ ಸಲ ಹಾಗೆ ಕರೆದ ದಿನ ಮನೆಗೆ ಬಂದು ಒಬ್ಬಳೇ ನಕ್ಕಿದ್ದೆ. ಭಾನುವಾರಗಳು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಮಂಚದ ಮೇಲೆ ಅಂಗಾತ ಮಲಗಿದರೆ ಆ ಬಿಳಿ ಡಬ್ಬಿಯ ಸಣ್ಣ ಹಸಿರು ದೀಪ ಆಗಾಗ ಮಿನುಗುತ್ತಿತ್ತು. ಈ ಊರಿನಲ್ಲಿ ನನ್ನ ಮೇಲೆ ಕಣ್ಣಿಟ್ಟಿರುವುದು ಅದೊಂದೇ ಎನಿಸಿ ಅಳು ಬರುತ್ತಿತ್ತು.

ಹೀಗಿರುವಾಗ ಗಿರಿಜಾ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನ ಐದು ತಿಂಗಳು. ಆದರೆ ತವರು ಎಲ್ಲಿದೆ? ಗದಗಿನಲ್ಲಿ ಬೀಗ ಹಾಕಿದ ಮನೆ, ಬೆಂಗಳೂರಿನಲ್ಲಿ ಎರಡು ಕೋಣೆ. ಬೀಗತಿ ಶಾಂತವ್ವ, ಅಂದರೆ ಗಿರಿಜಾಳ ಅತ್ತೆ, ಫೋನಿನಲ್ಲಿ ನೇರವಾಗಿಯೇ ಹೇಳಿದರು: "ಬಾಡಿಗಿ ಮನ್ಯಾಗ ಎಂಥಾ ತವರುಮನಿ ರೀ? ನಾವ ಇಲ್ಲೇ ಮಾಡ್ಕೋತೀವಿ ಬಿಡ್ರಿ." ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಮಾತ್ರ ಎದೆಗೆ ಒದ್ದಂತಾಯಿತು. ಮಗಳ ಬಾಣಂತನ ಮಾಡಲಾರದ ತಾಯಿ ಎನಿಸಿಕೊಂಡು ನಾನು ಬದುಕುವುದಾದರೂ ಹೇಗೆ? ಹಠ ಮಾಡಿ ಕರೆಸಿಕೊಂಡೆ. ಇಲ್ಲೇ ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು.

ನಮ್ಮ ಬಾಣಂತನ ನಿಮಗೆ ಗೊತ್ತೇ ಇದೆ. ಬಾಣಂತಿಗೆ ಬಿಸಿನೀರು ಎರೆದ ಮೇಲೆ ಮಂಚದ ಮೇಲೆ ಕಂಬಳಿ ಹೊದಿಸಿ ಮಲಗಿಸಬೇಕು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಲೋಬಾನ, ಓಮ, ಬೆಳ್ಳುಳ್ಳಿ ಸಿಪ್ಪೆಯ ಧೂಪ ಹಾಕಬೇಕು. ಡಬ್ಬಿಯ ಭಯದಿಂದ ನಾನು ಕಿಟಕಿಯೆಲ್ಲ ತೆರೆದು, ಚಿಟಿಕೆಯಷ್ಟೇ ಲೋಬಾನ ಹಾಕಿ, ಕಳ್ಳತನದ ಹಾಗೆ ಧೂಪ ಮುಗಿಸುತ್ತಿದ್ದೆ. ಜಯಮ್ಮನಿಗೆ ಗೊತ್ತಾದರೆ ಬೈದಾರೆಂದು ಬಾಯಿ ಬಿಟ್ಟಿರಲಿಲ್ಲ. ಹತ್ತೊಂಬತ್ತು ದಿನ ಹೀಗೇ ದಾಟಿತು.

ಇಪ್ಪತ್ತನೆಯ ದಿನ ಶಾಂತವ್ವ ಕೂಸು ನೋಡಲು ಬಂದರು. ಬಂದವರು ಮೊದಲು ಮಾಡಿದ ಕೆಲಸ ಕಿಟಕಿಗಳನ್ನು ಮುಚ್ಚಿದ್ದು. "ಬಾಣಂತಿಗಿ ಗಾಳಿ ಬಡೀತೈತ್ರಿ! ಇದೇನ್ ಬಾಣಂತನ ಮಾಡಾಕತ್ತೀರಿ?" ಎಂದು, ನನ್ನ ಚಿಟಿಕೆ ಲೋಬಾನ ನೋಡಿ ನಕ್ಕು, ತಾವೇ ಒಂದು ಹಿಡಿ ಸುರಿದರು. ಡಬ್ಬಿಯ ವಿಷಯ ಹೇಳಲು ನನಗೆ ನಾಲಗೆ ಏಳಲಿಲ್ಲ. ಹೇಳಿದರೆ, ಧೂಪ ಹಾಕಲೂ ಹಕ್ಕಿಲ್ಲದ ಮನೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಸುಮ್ಮನೆ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋದೆ.

ಡಬ್ಬಿ ಕಿರುಚಿತು. ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು, ಮೀನಿನಂತೆ ಜಾರುತ್ತಿದೆ, ಏಳುವಂತಿಲ್ಲ. ಗಿರಿಜಾ ಕಂಬಳಿಯೊಳಗೆ. ಅಡುಗೆಮನೆಯಲ್ಲಿ ಅಂಟಿನ ಉಂಡೆ ಕಟ್ಟುತ್ತಿದ್ದ ಶಾಂತವ್ವ, "ನಿಮ್ಮ ಫೋನ್ ಹೊಡಕೊಳ್ಳಾಕತ್ತೈತ್ರಿ, ತಗೋರಿ" ಎಂದು ಕೂಗಿದರು. "ಗುಂಡಿ ಒತ್ರಿ, ಬಾಗಲದಾಗ!" ಎಂದು ನಾನೂ ಕೂಗಿದೆ. ಅವರು ಬಾಗಿಲ ಬಳಿ ಹೋಗಿ ಲೈಟು, ಫ್ಯಾನು, ಕರೆಗಂಟೆ ಎಲ್ಲವನ್ನೂ ಒತ್ತಿದರು. ಒತ್ತಬೇಕಾದ್ದೊಂದನ್ನು ಬಿಟ್ಟು. ಸ್ವಲ್ಪ ಹೊತ್ತಿಗೆ ಸದ್ದು ನಿಂತಾಗ, ಗುಂಡಿ ಸಿಕ್ಕಿತೆಂದುಕೊಂಡು ನಾನು ಮತ್ತೆ ಎಣ್ಣೆ ತಿಕ್ಕತೊಡಗಿದೆ.

ಕಾಲು ಗಂಟೆಯೊಳಗೆ ಕೆಂಪು ಗಾಡಿ. ಮೀಸೆಯ ಅಧಿಕಾರಿಯೊಬ್ಬರು ಮುಂದೆ, ಉಳಿದ ನಾಲ್ವರು ಹಿಂದೆ. ಬಚ್ಚಲಲ್ಲಿ ನಮ್ಮನ್ನು ನೋಡಿ, ಮೂಗು ಅರಳಿಸಿ ಲೋಬಾನದ ವಾಸನೆ ಹಿಡಿದ ಅಧಿಕಾರಿ ತಟ್ಟನೆ ದನಿ ಇಳಿಸಿದರು. "ಏಯ್, ಶೂ ಬಿಟ್ ಬನ್ರೋ. ಬಾಣಂತಿ ಮನೆ ಕಣ್ರೋ ಇದು."

ಐವರೂ ಶೂ ಬಿಟ್ಟು, ಸಾಕ್ಸಿನಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ಕೋಣೆಗಳನ್ನು ನೋಡಿದರು. ನಿಯಮವಂತೆ, ನೋಡದೆ ಹೋಗುವಂತಿಲ್ಲವಂತೆ. ಕೊಡಲಿಯವನು ಕೂಸಿನತ್ತ ಬಗ್ಗಿ, "ಎಷ್ಟ್ ಮುದ್ದಾಗಿದೆ ಅಲ್ವಾ ಸರ್?" ಎಂದ. ಅಳುತ್ತಿದ್ದ ಕೂಸು ಅವನ ಹೆಲ್ಮೆಟ್ ನೋಡಿ ಸುಮ್ಮನಾಯಿತು. ಕಿಟಕಿ ತೆರೆದು, ಹುಷಾರು ಹೇಳಿ, ಅವರು ಇಳಿದು ಹೋದರು. ಒಂದು ಸಲ ಮುಗಿಯಿತು, ಇನ್ನೊಂದು ಉಳಿದಿದೆ ಎಂದು ನಾನು ಉಸಿರು ಬಿಟ್ಟೆ. ಕೂಸಿಗೆ ನೀರೆರೆದು ಮುಗಿಸಿ, ಬಟ್ಟೆಯಲ್ಲಿ ಸುತ್ತತೊಡಗಿದೆ.

ಆದರೆ ನಮ್ಮವರ ಬುದ್ಧಿ ಕೇಳಬೇಕೇ? ಐದು ಜನ ಹೊರಗಿನ ಗಂಡಸರು ಕೂಸಿನ ಮುಖ ನೋಡಿದ್ದಾರೆ, ಮೇಲಾಗಿ ಮುದ್ದಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದಾರೆ. ನಾನು ಬಟ್ಟೆ ಸುತ್ತಿ ಮುಗಿಸುವಷ್ಟರಲ್ಲಿ ಶಾಂತವ್ವ ಉಪ್ಪು, ಸಾಸಿವೆ, ಏಳು ಒಣಮೆಣಸಿನಕಾಯಿ ಹಿಡಿದು ಮೂರು ಸುತ್ತು ನಿವಾಳಿಸಿ, ಎಲ್ಲವನ್ನೂ ಅಗ್ಗಿಷ್ಟಿಕೆಗೆ ಹಾಕಿಯೇಬಿಟ್ಟರು. ಮೆಣಸಿನಕಾಯಿ ಕರಕಾದರೂ ಯಾರಿಗೂ ಕೆಮ್ಮು ಬರಲಿಲ್ಲ. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮ ನಂಬಿಕೆ ತಾನೇ. "ನೋಡ್ರಿ ನೋಡ್ರಿ, ಒಂದೀಟರ ಘಾಟು ಬಂತೇನು? ಎಷ್ಟ್ ದೃಷ್ಟಿ ಆಗಿತ್ತು ನನ್ನ ಮೊಮ್ಮಗಳಿಗೆ!" ಎಂದು ಅವರು ಹೆಮ್ಮೆಯಿಂದ ನನ್ನ ಮುಖ ನೋಡಿದರು.

ನಮಗೆ ಹತ್ತದ ಘಾಟು ಡಬ್ಬಿಗೆ ಹತ್ತಿತು. ಈ ಸಲ ಓಡಿಹೋಗಿ ನಾನೇ ಗುಂಡಿ ಒತ್ತಿದೆ. ಪ್ರಯೋಜನವಾಗಲಿಲ್ಲ. ಒಮ್ಮೆ ಕರೆ ಹೋದ ಮೇಲೆ ಆ ದಿನವೆಲ್ಲ ಅದು ಗುಂಡಿಯ ಮಾತು ಕೇಳುವುದಿಲ್ಲವಂತೆ, ಹೊಗೆ ಕಂಡ ಕೂಡಲೇ ಫೋನಂತೆ. ಕೆಂಪು ಗಾಡಿ ಇನ್ನೂ ನಮ್ಮ ಬೀದಿಯಲ್ಲೇ ಇತ್ತು. ಸೊಪ್ಪಿನ ಗಾಡಿ, ನಾಲ್ಕು ಸ್ಕೂಟರ್ ಅಡ್ಡವಿದ್ದುದರಿಂದ ಹಿಂದಕ್ಕೆ ತೆಗೆಯಲು ಹೆಣಗುತ್ತಿತ್ತು. ಅದೇ ಗಾಡಿಗೆ ಅದೇ ವಿಳಾಸಕ್ಕೆ ಮತ್ತೆ ಕರೆ. ಅಧಿಕಾರಿ ಗಾಡಿಯಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಮ್ಮ ಕಿಟಕಿಯನ್ನೇ ನೋಡಿದರು. ಅವರ ಪಕ್ಕದಲ್ಲಿ, ಆಗತಾನೇ ತಂದ ಹಾಲಿನ ಚೀಲ ಹಿಡಿದು, ಜಯಮ್ಮ.

ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದು ಕೇಳಿಸಿತು. ಎರಡು ಸಲ ಆಗಿಹೋಗಿತ್ತು. ಇಪ್ಪತ್ತು ದಿನದ ಬಾಣಂತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಶಾಂತವ್ವ ಆಗಲೇ ಗಿರಿಜಾಳ ಬಟ್ಟೆ ಮಡಚತೊಡಗಿದ್ದರು. "ನಾಳೆ ನಾ ಕರ್ಕೊಂಡ್ ಹೊಕ್ಕೀನ್ರಿ. ಇಂಥಾದ್ರಾಗ ಬಾಣಂತನ ಆಗೂದಿಲ್ಲ" ಎಂದರು. ಗಿರಿಜಾ ನನ್ನ ಮುಖ ನೋಡಿದಳು.

ಜಯಮ್ಮ ಒಳಗೆ ಬಂದು ಅಗ್ಗಿಷ್ಟಿಕೆಯಲ್ಲಿ ಕರಕಾದ ಮೆಣಸಿನಕಾಯಿ ನೋಡಿದರು, ಮಂಚ ನೋಡಿದರು, ಕೂಸು ನೋಡಿದರು. ನಾನು ಕೈಮುಗಿದೆ. "ತಪ್ಪಾತ್ರಿ. ಒಂದ್ ತಿಂಗಳು ಪುರಸತ್ತು ಕೊಡ್ರಿ, ಖಾಲಿ ಮಾಡ್ತೀನಿ."

"ತಪ್ಪೇ ಮತ್ತೆ! ಇಪ್ಪತ್ ದಿನದಿಂದ ಬಾಣಂತಿಗೆ ಕದ್ದು ಧೂಪ ಹಾಕ್ಕೊಂಡು ನಂಗೊಂದ್ ಮಾತ್ ಹೇಳ್ಬಾರ್ದಾ?" ಎಂದು ಜಯಮ್ಮ ಗದರಿದರು. "ಕೂಸು ಬಂತು ಅಂತ ಸಕ್ಕರೆ ಕೊಟ್ರಿ, ಸರಿ. ಧೂಪಕ್ಕೆ ಜಾಗ ಬೇಕು ಅನ್ನೋಕೆ ಏನ್ ಕಷ್ಟ? ಹಿತ್ಲಲ್ಲಿ ಹಂಡೆ ಒಲೆ ಇದೆ, ಬಚ್ಚಲುಮನೆ ಇದೆ, ಅಲ್ಲಿ ಈ ಡಬ್ಬಿಗಿಬ್ಬಿ ಏನೂ ಇಲ್ಲ. ನಂಗೂ ನಮ್ಮವ್ವ ಹಂಗೇ ಸಾಂಬ್ರಾಣಿ ಹಾಕಿ ಬಾಣಂತನ ಮಾಡಿದ್ದು ಕಣ್ರೀ. ನಾನೇನ್ ಆಕಾಶದಿಂದ ಉದುರಿದೀನಾ?"

ಅಷ್ಟರಲ್ಲಿ ಅಧಿಕಾರಿ ಪುಸ್ತಕ ತೆರೆದರು. ಎರಡು ಕರೆಗೂ ಕಾರಣ ಬರೆಯಬೇಕಂತೆ. "ಬೆಂಕಿ ಇಲ್ಲ. ಕಾರಣ ಏನಂತ ಬರೀಲಿ ಅಮ್ಮ? ಇವ್ರು ನಿಮ್ಗೆ ಏನಾಗ್ಬೇಕು, ಬಾಡಿಗೆಯವ್ರಾ?"

"ನಮ್ಮನೆ ಬಾಣಂತಿ" ಎಂದರು ಜಯಮ್ಮ. "ಹಂಗೇ ಬರ್ಕೊಳ್ಳಿ. ಒಂದ್ನೇದು ಧೂಪ, ಎರಡ್ನೇದು ನಿಮ್ ದೃಷ್ಟಿ ತೆಗ್ದಿದ್ದು."

ಅಧಿಕಾರಿ ಮೀಸೆಯಡಿ ನಗುತ್ತಾ ಬರೆದುಕೊಂಡರು. ಶಾಂತವ್ವ ಬಟ್ಟೆ ಮಡಚುವುದನ್ನು ನಿಲ್ಲಿಸಿ, ಐವರಿಗೂ ಒಂದೊಂದು ಅಂಟಿನ ಉಂಡೆ ಕೊಟ್ಟರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಈ ಊರಿಗೆ ಬಂದ ಮೇಲೆ ಅಷ್ಟು ಸಂತೋಷ ನಾನು ಕಂಡಿರಲಿಲ್ಲ.

ಮರುದಿನದಿಂದ ನೀರು ಎರೆಯುವುದು ಹಿತ್ತಿಲಿನಲ್ಲಿ. ಶಾಂತವ್ವ ಎಂಟು ದಿನ ಇದ್ದು, ಜಯಮ್ಮನ ಜೊತೆ ದಿನವೂ ಜಗಳವಾಡಿದರು. ಸಾಂಬ್ರಾಣಿ ಮೇಲೋ ಲೋಬಾನ ಮೇಲೋ, ಬಾಣಂತಿಗೆ ಕೊಡಬೇಕಾದ್ದು ಅನ್ನವೋ ರೊಟ್ಟಿಯೋ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಜಗಳಕ್ಕೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಹೊರಡುವ ದಿನ ಶಾಂತವ್ವ ನನ್ನ ಕಿವಿಯಲ್ಲಿ, "ಐದ ತಿಂಗಳು ತುಂಬಲಿ, ಅವಸರ ಮಾಡಬ್ಯಾಡ್ರಿ" ಎಂದು ಹೇಳಿಹೋದರು.

ಐದು ತಿಂಗಳು ತುಂಬಿ ಮೊನ್ನೆ ಗಿರಿಜಾ ಹೊರಟಳು. ನಾನು ಉಡಿ ತುಂಬಿದೆ. ಜಯಮ್ಮ ಅದನ್ನೇ ಮಡಿಲಕ್ಕಿ ಎಂದು ಕರೆದು, ತಾವೂ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿದರು. ಎರಡೂ ಸೇರಿ ಅವಳ ಸೆರಗು ಜಗ್ಗುತ್ತಿತ್ತು. ಆಟೋ ಹತ್ತುವ ಮುನ್ನ ಅವಳು ತಿರುಗಿ ಕೇಳಿದಳು: "ಯವ್ವಾ, ಇನ್ನ ಮ್ಯಾಲೆ ನಾ ತವರಿಗೆ ಬರೂದಂದ್ರ ಎಲ್ಲಿಗೆ ಬರ್ಲಿ? ಗದಗಿಗೋ, ಇಲ್ಲಿಗೋ?"

ಗದಗಿನ ಮನೆ ನನ್ನದೇ, ಆದರೆ ಅಲ್ಲಿ ಬಾಗಿಲು ತೆರೆದು ಅವಳನ್ನು ಒಳಗೆ ಕರೆಯುವವರಿಲ್ಲ. ಇಲ್ಲಿ ಕರೆಯುವವರಿದ್ದಾರೆ, ಮನೆ ನನ್ನದಲ್ಲ. ಮಗಳಿಗೆ 'ಬಾ' ಎನ್ನುವ ಹಕ್ಕು ಎರಡೂ ಊರಿನಲ್ಲಿ ನನಗೆ ಅರ್ಧರ್ಧವೇ ಇತ್ತು. ನಾನು ಆ ಎರಡು ಅರ್ಧಗಳನ್ನು ಕೂಡಿಸಲು ತಿಣುಕುತ್ತಿರುವಾಗ ಜಯಮ್ಮ ಕೂಸಿನ ಟೊಪ್ಪಿಗೆ ಸರಿಮಾಡುತ್ತಾ, "ಅದೇನ್ ಕೇಳ್ತೀಯ ಹುಡುಗಿ, ನಿಮ್ಮವ್ವ ಎಲ್ಲಿರ್ತಾಳೋ ಅಲ್ಲಿಗೆ ಬಾ" ಎಂದರು. ಗಿರಿಜಾ ಮತ್ತೆ ನನ್ನನ್ನೇ ನೋಡಿದಳು. "ಅವ್ವ ಎಲ್ಲಿರ್ತಾಳು?" ಎಂದಳು.