ಕಾಡುಬೆಕ್ಕಿನ ಹಿಂದೆ ಬಿದ್ದ ನೆರೆಯವರು

ನಮ್ಮ ನೆರೆಯವರ ಕುತ್ತಿಗೆಗೆ ಸದಾ ಒಂದು ಒದ್ದೆ ಟವೆಲು ಸುತ್ತಿಕೊಂಡಿರುತ್ತಿತ್ತು. ನಲ್ಲಿ ಕಂಡಲ್ಲೆಲ್ಲ ಅದನ್ನು ಅದ್ದಿ, ಹಿಂಡದೆ ಹಾಗೆಯೇ ಕೊರಳಿಗೆ ಹಾಕಿಕೊಳ್ಳುವರು. ನೀರು ಅವರ ಅಂಗಿಯ ಬೆನ್ನಿಗೆ ಇಳಿದು, ಅಲ್ಲಿಂದ ನನ್ನ ಕಾರಿನ ಸೀಟಿಗೆ ಇಳಿಯುತ್ತಿತ್ತು. ಆ ಸೀಟಿನ ಮುಗ್ಗಲು ವಾಸನೆ ಕಾರು ಮಾರುವವರೆಗೂ ಹೋಗಲಿಲ್ಲ. "ಸ್ವಲ್ಪ ಹಿಂಡಿ ಮಾರಾಯ್ರೆ" ಎಂದರೆ, "ಹಿಂಡಿದ್ರ ತಂಪು ಹೋಗತೈತ್ರೀ" ಎಂದು ಕಿಟಕಿಯ ಆಚೆ ನೋಡುತ್ತ ಕೂರುವರು.

ಎರಡು ಸಾವಿರದ ಇಸವಿ ಕಳೆದ ಮೇಲಿನ ವರ್ಷಗಳು ಅವು. ನಾವು ಕತಾರಿನ ಅಲ್ ರಯ್ಯಾನಿನಲ್ಲಿ ಒಂದು ಹಳೆಯ ವಿಲ್ಲಾದ ಅರ್ಧ ಭಾಗದಲ್ಲಿದ್ದೆವು. ಮಧ್ಯೆ ಜಿಪ್ಸಮ್ ಗೋಡೆ, ಆಚೆಗೆ ಅವರು. ಮುಧೋಳದ ಕಡೆಯವರು, ಕಟ್ಟಡದ ಕಂಪನಿಯೊಂದರಲ್ಲಿ ಕ್ರೇನ್ ಸೂಪರ್‌ವೈಸರ್. ಹೆಂಡತಿಯನ್ನು ಊರಿನಲ್ಲೇ ಬಿಟ್ಟು ಬಂದಿದ್ದರು. ಉಡುಪಿ ಕಡೆಯ ನನಗೆ ಅವರ ಮಾತು ಮೊದಮೊದಲು ಜಗಳದ ಹಾಗೆ ಕೇಳಿಸುತ್ತಿತ್ತು. ಆಮೇಲೆ ತಿಳಿಯಿತು, ಅರ್ಧ ಪಾಲು ಅದು ಜಗಳವೇ. ನನ್ನನ್ನು ಅವರು ಕರೆಯುತ್ತಿದ್ದುದು 'ಅಕೌಂಟಂಟ್ ಸಾಹೇಬ್ರ' ಎಂದು. ಗೋಡೆಯನ್ನು ತಟ್ಟಿಯೇ ಕರೆಯುವರು.

ಎಲ್ಲಕ್ಕೂ ಕಾರಣ ಅವರ ಬಾಯಿ. ನಮ್ಮ ಮನೆಯ ಯಜಮಾನ, ವಯಸ್ಸಾದ ಕತಾರಿ, ಊರಾಚೆಯ ತನ್ನ ತೋಟದಲ್ಲಿ ಎರಡು ಸಲೂಕಿ ಬೇಟೆನಾಯಿಗಳನ್ನು ಸಾಕಿದ್ದ. ಸಪೂರ ನಡು, ಉದ್ದ ಕಾಲು, ರೇಷ್ಮೆಯಂಥ ಕಿವಿ. ಒಮ್ಮೆ ಬಾಡಿಗೆಯ ಮಾತಿಗೆ ಬಂದವನು, ತೋಟದ ಪಾರಿವಾಳಗಳನ್ನು ಒಂದು ಕಾಡುಬೆಕ್ಕು ಹಿಡಿದು ತಿನ್ನುತ್ತಿದೆ ಎಂದು ಬೇಸರಪಟ್ಟುಕೊಂಡ. ನಮ್ಮ ನೆರೆಯವರು ಸುಮ್ಮನಿದ್ದಿದ್ದರೆ ನನ್ನ ಶುಕ್ರವಾರದ ರಜೆಗಳು ಉಳಿಯುತ್ತಿದ್ದವು. ಅವರು ತಮ್ಮ ಊರಿನ ಬೇಟೆನಾಯಿಯ ತಳಿಯ ಬಗ್ಗೆ, ತಮ್ಮ ತಂದೆ ಸಾಕಿದ ನಾಯಿಗಳ ಬಗ್ಗೆ, ಅವು ಓಡಿಸಿ ಹಿಡಿದ ಮೊಲ ನರಿಗಳ ಬಗ್ಗೆ, ಮುರುಕು ಹಿಂದಿಯಲ್ಲಿ ಚಹಾ ಆರುವವರೆಗೂ ಹೇಳಿದರು. ಕೊನೆಗೆ, "ಆ ಬೆಕ್ಕ ನನಗ ಬಿಡ್ರಿ" ಎಂದುಬಿಟ್ಟರು. ಯಜಮಾನ ನಕ್ಕು, "ಯಲ್ಲಾ, ಆಗಲಿ" ಎಂದು ತೋಟದ ಬೀಗದ ಕೈ ಕೊಟ್ಟ.

ಅವರಿಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಪರೀಕ್ಷೆಗೆ ಹೋಗುವುದು, ಫೇಲಾಗುವುದು, ಪರೀಕ್ಷೆ ಮಾಡುವ ಪೊಲೀಸರ ಕಣ್ಣೇ ಸರಿ ಇಲ್ಲ ಎಂದು ಬೈಯುವುದು ನಡೆದೇ ಇತ್ತು. ಹಾಗಾಗಿ ಕಾರು ನನ್ನದು, ಪೆಟ್ರೋಲು ನನ್ನದು, ನಿದ್ದೆಗೆಟ್ಟವನೂ ನಾನೇ. ಶುಕ್ರವಾರ ಬೆಳಕು ಹರಿಯುವ ಮೊದಲೇ ಗೋಡೆಯ ಮೇಲೆ ಗುದ್ದು. ನನ್ನ ಹೆಂಡತಿ ದಿಂಬಿನೊಳಗಿಂದಲೇ ಹೇಳುವಳು, "ಹೋಗಿ ಮಾರಾಯ್ರೆ, ಇಲ್ಲದಿದ್ರೆ ಗೋಡೆ ಬೀಳ್ತದೆ."

ನಾಯಿಗಳ ವಿಷಯದಲ್ಲಿ ಅವರು ತಾಯಿಯ ಹಾಗೆ. ಓಡಿಸುವ ಮೊದಲು ಮರಳಿನ ಮೇಲೆ ಅಂಗೈ ಊರಿ ಬಿಸಿ ನೋಡುವರು. ನಾಯಿಗಳ ಹೊಟ್ಟೆಗೆ, ತೊಡೆಸಂದಿಗೆ, ಪಾದಕ್ಕೆ ನೀರು ಸವರುವರು. ಕುಡಿಯಲು ಗುಟುಕು ಗುಟುಕಾಗಿಯೇ ಕೊಡುವರು. ನಾಲಿಗೆ ಅಗಲವಾಗಿ ಜೋತುಬಿದ್ದರೆ ಖಲಾಸ್, ಅವತ್ತಿನ ಬೇಟೆ ಮುಗಿಯಿತು. ನನಗೆ ಬಾಯಾರಿದೆಯೇ ಎಂದು ಮಾತ್ರ ಒಮ್ಮೆಯೂ ಕೇಳಿದವರಲ್ಲ. ನಾನು ರೇಗಿದ್ದಕ್ಕೆ ಅವರ ಉತ್ತರ ಇಷ್ಟೇ: "ನಾಯಿಗೆ ಮಾತ ಬರಂಗಿಲ್ರೀ, ಅದಕ್ಕ ನಾವು ನೋಡಬೇಕು. ನಿಮಗ ಬಾಯಿ ಐತೆಲ್ಲ."

ಬಾಯಿ ಇತ್ತು, ಧಾರಾಳವಾಗಿ ಬಳಸುತ್ತಿದ್ದೆ. ಸೆಕೆಗೆ, ಮುಳ್ಳಿಗೆ, ಶೂ ತುಂಬುವ ಮರಳಿಗೆ, ನಾಯಿಕೂದಲಿಗೆ, ಒಂದು ಬೆಕ್ಕಿಗೋಸ್ಕರ ಬಿಸಿಲಲ್ಲಿ ಸಾಯುವ ಈ ಹುಚ್ಚಿಗೆ, ದಾರಿಯುದ್ದಕ್ಕೂ ಗೊಣಗುವುದು ನನ್ನ ಕೆಲಸ. ಅವರು ಅದನ್ನು ಕಾರಿನ ರೇಡಿಯೊದ ಹಾಗೆ ಕೇಳಿಸಿಕೊಂಡು ಮುಂದೆ ನಡೆಯುವರು. ಬೆಕ್ಕಂತೂ ನಮಗೆ ದಕ್ಕಲಿಲ್ಲ. ಒಮ್ಮೆ ಪಂಪ್‌ಶೆಡ್ಡಿನ ಮಾಡಿನ ಮೇಲೆ ಕಂಡಿತು, ಒಮ್ಮೆ ಬೇಲಿಯ ಬುಡದಲ್ಲಿ ಬಾಲ ಮಾತ್ರ. ಚಳಿಗಾಲ ಕಳೆದು ಏಪ್ರಿಲ್ ದಾಟಿತು. ಯಜಮಾನ ಸಿಕ್ಕಾಗಲೆಲ್ಲ, "ಬಿಲ್ಲಿ?" ಎಂದು ಬೆಕ್ಕಿನ ಸುದ್ದಿ ಕೇಳುವನು. "ಮಾಫಿ" ಎಂದು, ಅರಬ್ಬಿಯಲ್ಲಿ ಇಲ್ಲವೆಂದು, ಇವರು ತಲೆ ತಗ್ಗಿಸುವರು. ಕೇಳುವಾಗ ಅವನ ಮೀಸೆಯಡಿ ಒಂದು ನಗು ಇರುತ್ತಿತ್ತು. ಇವರಿಗೆ ತಡೆಯಲಾಗುತ್ತಿರಲಿಲ್ಲ ಅದನ್ನು.

ಮೇ ಕೊನೆಯ ಒಂದು ಶುಕ್ರವಾರ ಬೆಕ್ಕು ಸರಿಯಾಗಿ ಎದುರಿಗೇ ಸಿಕ್ಕಿತು. ಮರಳಿನದೇ ಬಣ್ಣ, ಮನೆಬೆಕ್ಕಿಗಿಂತ ದೊಡ್ಡದು. ಬಾಯಲ್ಲಿ ಪಾರಿವಾಳ ಕಚ್ಚಿಕೊಂಡು ಬೇಲಿಯ ತೂತಿನಿಂದ ಹೊರಬಿತ್ತು. ನಾಯಿಗಳು ಹಗ್ಗ ಕಿತ್ತುಕೊಂಡು ಹಾರಿದವು. ಅವುಗಳ ಹಿಂದೆ ಇವರು, ಇವರ ಹಿಂದೆ ನಾನು. ಹೊತ್ತು ಆಗಲೇ ಏರಿತ್ತು. ಮರಳಿಗೆ ಅಂಗೈ ಊರುವುದನ್ನು ಅವರು ಅವತ್ತೊಂದು ದಿನ ಮರೆತರು. ನಾವು ಎಷ್ಟು ದೂರ ಓಡಿದೆವೋ ನನಗೆ ಗೊತ್ತಿಲ್ಲ. ತಿರುಗಿ ನೋಡಿದಾಗ ತೋಟದ ಖರ್ಜೂರದ ಮರಗಳು ಗೆರೆಯಷ್ಟೇ ಕಂಡವು.

ಬಯಲಿನಲ್ಲಿ ಒಂಟಿ ಬೋರೆಮರ. ಬೆಕ್ಕು ಅದರ ಕವಲಿನಲ್ಲಿ ಕೂತು ಬಾಯಿ ತೆರೆದು ಏದುತ್ತಿತ್ತು. ಬುಡದಲ್ಲಿ ನಾಯಿಗಳೂ ಏದುತ್ತ ಮಲಗಿಬಿಟ್ಟಿದ್ದವು, ಬೊಗಳಲೂ ಶಕ್ತಿ ಇಲ್ಲ. ಅಷ್ಟು ತಿಂಗಳ ಶತ್ರುಗಳು ಒಂದೇ ತುಂಡು ನೆರಳಿನಲ್ಲಿ ಸುಮ್ಮನಿದ್ದರು. ನೆರೆಯವರು ಚೀಲದಿಂದ ಬಲೆ ತೆಗೆದು ಮರದ ಕಡೆ ಹೆಜ್ಜೆ ಇಟ್ಟವರು, ಯಾಕೋ ನಿಂತು ಹಿಂದೆ ತಿರುಗಿದರು.

"ಯಾಕ್ರೀ ಸಾಹೇಬ್ರ, ಇವತ್ತ ಬೈಯಾಕತ್ತಿಲ್ಲ?"

ನಾನು ಏನೋ ಹೇಳಲು ಹೋದೆ, ನಾಲಿಗೆ ಹೊರಳಲಿಲ್ಲ. ನನ್ನ ಮೈಯಲ್ಲಿ ಬೆವರು ನಿಂತು ಹೋಗಿತ್ತು, ಚಳಿಯಾಗುತ್ತಿತ್ತು. ಅವರ ಕೈಯಿಂದ ಬಲೆ ಬಿದ್ದದ್ದು ಕಂಡಿತು. ಆಮೇಲೆ ಆಕಾಶ ಮಾತ್ರ ಕಂಡಿತು.

ಅಲ್ಲಿಂದ ಮುಂದಿನದು ತುಂಡು ತುಂಡಾಗಿ ನೆನಪಿದೆ. ನನ್ನನ್ನು ನೆರಳಿಗೆ ಎಳೆದು, ನಾಯಿಗಳನ್ನು ಕಾಲಿನಿಂದ ಸರಿಸಿ, ಶೂ ಕಿತ್ತು, ಅಂಗಿ ಬಿಚ್ಚಿದರು. ಅವರ ಒದ್ದೆ ಟವೆಲು ನನ್ನ ಕಂಕುಳಲ್ಲಿತ್ತು. ನಾಯಿಗಳಿಗೆಂದು ತಂದ ನೀರನ್ನೆಲ್ಲ ನನ್ನ ಹೊಟ್ಟೆಗೆ, ತೊಡೆಸಂದಿಗೆ, ಪಾದಕ್ಕೆ ಹೊಯ್ದರು. ನಾನು ಬಾಟಲಿಗೆ ಕೈ ಚಾಚಿದರೆ, "ಗುಟುಕ, ಗುಟುಕ" ಎಂದು ಗದರಿದರು. ಆಮೇಲೆ ನನ್ನನ್ನು ಸಿಮೆಂಟು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಅಷ್ಟು ದೂರವೂ ನಡೆದರು. ಬಯಲಿನಲ್ಲಿ ಬಿಟ್ಟು ಬಂದ ನಾಯಿಗಳು ಯಜಮಾನನಿಗೆ ಪ್ರಾಣ. ಅವು ಕಳೆದುಹೋದರೆ ಇಬ್ಬರೂ ಮನೆ ಖಾಲಿ ಮಾಡಬೇಕಾಗುತ್ತಿತ್ತು, ಬಹುಶಃ ದೇಶವನ್ನೂ. "ನಾಯಿ..." ಎಂದೆನಂತೆ ನಾನು. "ನಾಯಿಗೆ ದಾರಿ ಗೊತ್ತೈತಿ. ನಿಮಗ ಗೊತ್ತಿಲ್ಲ, ಸುಮ್ಕ ಇರ್ರಿ" ಎಂದರು.

ಲೈಸೆನ್ಸ್ ಇಲ್ಲದ ಆ ಮನುಷ್ಯ ನನ್ನ ಕಾರನ್ನು ಎರಡನೇ ಗೇರಿನಲ್ಲೇ, ಹ್ಯಾಂಡ್‌ಬ್ರೇಕ್ ಬಿಡದೆ, ಒಂದು ರೌಂಡಬೌಟನ್ನು ಉಲ್ಟಾ ಸುತ್ತಿ ಕ್ಲಿನಿಕ್ಕಿಗೆ ಮುಟ್ಟಿಸಿದರು. ಕ್ಲಚ್ ಸುಟ್ಟು ಹೋಗಿತ್ತು. ಡಾಕ್ಟರು ಗ್ಲೂಕೋಸ್ ಹಾಕಿ, "ಹೀಗೆ ತಣ್ಣಗೆ ಮಾಡದೆ ತಂದಿದ್ದರೆ ಉಳಿಯುತ್ತಿರಲಿಲ್ಲ. ಯಾರು ಮಾಡಿದ್ದು?" ಎಂದು ಕೇಳಿದರು. ಮೂಲೆಯಲ್ಲಿ ನಿಂತಿದ್ದ ನೆರೆಯವರು ಹೆಮ್ಮೆಯಿಂದ, "ನಾಯಿಗೆ ಮಾಡೂದನ್ನ ಮಾಡೀನ್ರೀ" ಎಂದರು. ಆ ಹೊತ್ತಿಗೆ ಬಂದ ನನ್ನ ಹೆಂಡತಿ ಅವರನ್ನು ಬೈಯಲೂ ಆಗದೆ, ಕೈ ಮುಗಿಯಲೂ ಆಗದೆ ಅತ್ತಳು.

ಸಂಜೆ ಯಜಮಾನ ಬಂದ. ನಾಯಿಗಳೆರಡೂ ತಾವಾಗಿಯೇ ತೋಟಕ್ಕೆ ಮರಳಿದ್ದವು, ಒಂದು ಕುಂಟುತ್ತಿತ್ತಂತೆ. ನೆರೆಯವರು ಏನನ್ನೂ ಮುಚ್ಚದೆ, ಬಿಸಿಲು ನೋಡದೆ ಓಡಿಸಿದ್ದು ತಮ್ಮದೇ ತಪ್ಪು ಎಂದು ಹೇಳಿದರು. ಯಜಮಾನ ನನ್ನ ಹಣೆ ಮುಟ್ಟಿ ನೋಡಿದ. "ಬಿಲ್ಲಿ ಖಲಾಸ್. ಅದು ತಿಂದುಕೊಳ್ಳಲಿ" ಎಂದು ಎದ್ದು ಹೋದ.

ಬೇಟೆ ನಿಂತಿತು, ನನ್ನ ಕಷ್ಟ ನಿಲ್ಲಲಿಲ್ಲ. ಆಮೇಲೆ ಯಾರ ಮನೆಯ ಪೂಜೆ ಇರಲಿ, ಮಗುವಿನ ಹುಟ್ಟುಹಬ್ಬ ಇರಲಿ, ಅಲ್ ವಕ್ರಾದಿಂದ ನಜ್ಮಾದವರೆಗೆ ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ಅವರು ಆ ಕಥೆ ಹೇಳುವರು. ಅವರ ಕಥೆಯಲ್ಲಿ ನಾನು ಮೂರನೆಯ ನಾಯಿ. ನನ್ನನ್ನು ತೋಯಿಸಿದ ಕ್ರಮವನ್ನು ಹೆಂಗಸರು ಮಕ್ಕಳ ಎದುರಿಗೇ ಅಭಿನಯಿಸಿ ತೋರಿಸುವರು. ಪಾಯಸದ ಬಟ್ಟಲು ಹಿಡಿದುಕೊಂಡು ನಾನು ಹಲ್ಲು ಕಚ್ಚುತ್ತಿದ್ದೆ.

ಕೆಲವು ವರ್ಷಗಳ ಮೇಲೆ ರಜೆಯಲ್ಲಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ಬೆಳಗಿನ ಚಹಾ ಕುಡಿಯುತ್ತ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಗೋಡೆಯ ಆಚೆ ಬೇರೆ ಸಂಸಾರ ಬಂತು, ಸದ್ದಿಲ್ಲದವರು.

ನನ್ನ ರಜೆ ಬಂದಾಗ ಬಸ್ಸು ಹಿಡಿದು ಅವರ ಊರಿಗೆ ಹೋದೆ. ನಾನು ಯಾರೆಂದು ಹೇಳುತ್ತಲೇ ಅವರ ಹೆಂಡತಿ ಎದ್ದು ನಿಂತು ಕೈ ಮುಗಿದರು.

"ನಿಮ್ಮ ಹೆಸರ ಹೇಳದ ಒಂದ ಫೋನ್ ಮಾಡಿಲ್ರೀ ಅವರು. ಇವರು ಮರುಭೂಮ್ಯಾಗ ಬಿದ್ದಿದ್ರಂತಲ್ಲ, ನೀವು ನೀರ ಹೊಯ್ದು, ಹೆಗಲ ಮ್ಯಾಲೆ ಹೊತ್ತು, ಕಾರಿನ್ಯಾಗ ಹಾಕ್ಕೊಂಡು ಹೋಗಿ ಉಳಿಸಿದ್ರಂತ. 'ಅಂಥಾವ್ರು ಬಾಜೂಕ ಅದಾರ, ನೀ ಚಿಂತಿ ಮಾಡಬ್ಯಾಡ' ಅಂತಿದ್ರು. ಆ ಮಾತ ಕೇಳಿ ನಾ ಇಲ್ಲಿ ನಿದ್ದಿ ಮಾಡೀನಿ."

ಸತ್ತ ಮೇಲೂ ಈ ಮನುಷ್ಯ ನನ್ನನ್ನು ಇಂಥ ಇಕ್ಕಟ್ಟಿಗೆ ಸಿಕ್ಕಿಸಬೇಕೇ ಎಂದು ಸಿಟ್ಟು ಬಂತು. ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. "ಇಲ್ಲ ಅಮ್ಮ, ಬಿದ್ದವನು ನಾನು. ಹೊತ್ತವರು ಅವರು. ಕಾರು ಓಡಿಸಿದ್ದೂ ಅವರೇ" ಎಂದೆ. ನಡೆದದ್ದನ್ನೆಲ್ಲ, ಮೂರನೆಯ ನಾಯಿಯೆಂಬುದನ್ನೂ ಬಿಡದೆ ಹೇಳಿದೆ.

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ಮೆಲ್ಲಗೆ ನಕ್ಕರು. "ಕಾರ ನಡಿಸಿದ್ರಾ? ಅವರಿಗೆ ಸೈಕಲ್ ಸುದ್ದಾ ಬರ್ತಿದ್ದಿಲ್ರೀ. ಸತ್ತವ್ರ ಬಗ್ಗೆ ಒಳ್ಳೇದ ಹೇಳಬೇಕಂತ ಹೇಳಾಕತ್ತೀರಿ. ನೀವು ದೊಡ್ಡವ್ರು."

ನಾನು ಮತ್ತೊಮ್ಮೆ ಹೇಳಿದೆ. ಅವರು ತಲೆಯಾಡಿಸುತ್ತ, ನನಗೆ ಊಟಕ್ಕೆ ರೊಟ್ಟಿ ಬಡಿಯಲು ಒಳಗೆ ಹೋದರು.